ವಚನಗಳ ‘ನಿರಾಳ’ವೂ ಉಸಿರಾಟದ ಹೊತ್ತಗೆಗಳೂ

ಪ್ರಾಣಾಯಾಮವನ್ನೂ ಉಸಿರಾಟದ ಇತರ ಅಭ್ಯಾಸಗಳನ್ನೂ ಕಲಿಸುವ ಸಣ್ಣ ಹೊತ್ತಗೆಗಳು ಕನ್ನಡದಲ್ಲಿ ಈಗ ಹೇರಳವಾಗಿ ಹೊರಬರುತ್ತಿವೆ. ಮನಸ್ಸಿನ ಒತ್ತಡವನ್ನು ಇಳಿಸುವುದು, ನಿದ್ರೆ ಬರಿಸುವುದು, ರಕ್ತದೊತ್ತಡವನ್ನು ಹದದಲ್ಲಿಡುವುದು ಇವುಗಳ ಉದ್ದೇಶ. ಉದ್ದೇಶವು ಒಳ್ಳೆಯದೇ. ಆದರೆ ಇಂಥ ಹೊತ್ತಗೆಗಳಲ್ಲಿ ಹಲವು ಅಧ್ಯಾಯದ ತಲೆಯ ಮೇಲೆ ಒಂದು ವಚನದ ತುಣುಕನ್ನು ಅಚ್ಚುಹಾಕಿ, ಹನ್ನೆರಡನೆಯ ಶತಮಾನದ ಶರಣರು ಇದನ್ನೇ ಹೇಳಿದ್ದರೆಂದು ಒಂದೇ ವಾಕ್ಯದಲ್ಲಿ ತೀರ್ಮಾನಿಸಿ ಮುಂದೆ ಸಾಗುತ್ತವೆ. ಆ ವಚನ ಯಾರದು, ಯಾವ ಸ್ಥಲದ್ದು, ತುಣುಕಿನ ಹಿಂದುಮುಂದಿನ ಮಾತೇನು ಎಂಬುದರ ಗೊಡವೆ ಅವಕ್ಕಿಲ್ಲ. ಅಂಕಿತವೂ ಬಿಟ್ಟುಹೋಗಿರುವುದುಂಟು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಶಿಬಿರದ ಹಾಳೆಯಲ್ಲಿ ‘ನಿರಾಳ’ ಎಂಬ ದಪ್ಪಕ್ಷರದ ಶಬ್ದವನ್ನೂ ಅದರ ಕೆಳಗೆ ಅಲ್ಲಮನ ಹೆಸರನ್ನೂ ಕಂಡಾಗ, ವಚನಗಳನ್ನು ಇಷ್ಟು ಕಾಲ ಓದಿಸಿದ ಉಪಾಧ್ಯಾಯನಿಗೆ ಸುಮ್ಮನಿರುವುದು ಕಷ್ಟ. ಪ್ರಕೃತ ಲೇಖನದಲ್ಲಿ ಈ ಓದಿನ ಕ್ರಮವನ್ನು ಪರೀಕ್ಷಿಸಲು ಯತ್ನಿಸಿದ್ದೇನೆ.

ಅಭ್ಯಾಸದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಉಸಿರನ್ನು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೊರಟು ಎದೆ ಹೊಟ್ಟೆಗಳವರೆಗೆ ಇಳಿಯುವ ವೇಗಸ್ ನರದ ಕೆಲಸವಿದು. ಆದ್ದರಿಂದ ರೇಚಕವನ್ನು ನೀಳಮಾಡಿ ಮೆಲ್ಲನೆ ಉಸಿರಾಡಿದವನಿಗೆ ಎದೆಯ ಡವಗುಟ್ಟುವಿಕೆ ತಗ್ಗುವುದರಲ್ಲಿ ಪವಾಡವೇನೂ ಇಲ್ಲ. ಹಾರ್ವರ್ಡ್ ವಿದ್ಯಾಲಯದ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಶಮನವು ದೇಹಕ್ಕೆ ಸಹಜವಾದ ಒಂದು ಶಕ್ತಿಯೆಂದೂ ಯಾವ ಮತದವರಾದರೂ ಒಂದು ಶಬ್ದವನ್ನು ಹಿಡಿದು ಕುಳಿತರೆ ಅದು ಒದಗುವುದೆಂದೂ ವಾದಿಸಿದನು. 2001ರಲ್ಲಿ ಇಟಲಿಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಸಂಶೋಧನೆ ನಮಗೆ ಇನ್ನೂ ಹತ್ತಿರದ್ದು. 23 ಜನ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲಿಯೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು; ರಕ್ತದೊತ್ತಡದ ಏರಿಳಿತವನ್ನು ಹೃದಯವು ಸರಿದೂಗಿಸುವ ಶಕ್ತಿಯೂ ಹೆಚ್ಚಿತ್ತು. ಪಂಚಾಕ್ಷರಿಯ ಜಪವನ್ನು ಮನೆಮಾತಾಗಿ ಪಡೆದ ನಮ್ಮವರಿಗೆ ಇದು ಆಶ್ಚರ್ಯದ ಸಂಗತಿಯಾಗಲಾರದು.

ಕರ್ನಾಟಕದೊಳಗೇ ಇದರ ಚರಿತ್ರೆ ದೀರ್ಘವಾಗಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ವಟುಗಳಿಗೆ ಸಂಸ್ಕೃತ ಸಂಗೀತಗಳೊಡನೆ ಯೋಗಾಭ್ಯಾಸವೂ ಪಾಠವಾಗಿತ್ತು. ಮೈಸೂರಿನ ಅರಮನೆಯ ಆಶ್ರಯದಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು; ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಅವರ ಶಿಷ್ಯರು. ನಮ್ಮಿಂದ ಬಹುದೂರವಲ್ಲದ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ ಎಂಬ ಕಾವ್ಯನಾಮದ ರಾಘವೇಂದ್ರ ಸ್ವಾಮಿಗಳು ಯೋಗ, ಅಂಗಸಾಧನೆ, ಆಯುರ್ವೇದಗಳನ್ನು ಕೂಡಿಸಿ ಬಡಜನರಿಗೆ ಕಲಿಸಿದರು. 1996ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಯಕ. ರವಿಶಂಕರ ಗುರುಗಳ ಸುದರ್ಶನ ಕ್ರಿಯೆಯು ಹೊಳೆದದ್ದು 1982ರಲ್ಲಿ ಶಿವಮೊಗ್ಗೆಯ ಮೌನವ್ರತದಲ್ಲಿ ಎಂದು ಅವರ ಸಂಸ್ಥೆಯವರು ಹೇಳುತ್ತಾರೆ. ಅದೇ ಕ್ರಿಯೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ಪರೀಕ್ಷಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಿದ್ಯುತ್ ಚಿಕಿತ್ಸೆಯೇ ಹೆಚ್ಚು ಗುಣ ತೋರಿತು. ಉಸಿರಿನ ಕ್ರಿಯೆಯು ಇಮಿಪ್ರಮಿನ್ ಎಂಬ ಔಷಧಕ್ಕೆ ಹೆಚ್ಚುಕಡಮೆ ಸರಿಸಾಟಿಯಾಯಿತು. ಆ ರೋಗಿಗಳು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಇದ್ದವರು ಎಂಬ ಮಾತನ್ನು ಶಿಬಿರದ ಹಾಳೆಗಳು ಸಾಮಾನ್ಯವಾಗಿ ಬಿಡುತ್ತವೆ.

ಹಳೆಯ ಯೋಗಗ್ರಂಥಗಳಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ: ಮನುಷ್ಯನು ಹಗಲಿರುಳು ಸೇರಿ 21,600 ಬಾರಿ ಉಸಿರಾಡುತ್ತಾನೆ. ದಿನದ 1,440 ನಿಮಿಷಗಳಿಂದ ಇದನ್ನು ಭಾಗಿಸಿದರೆ ನಿಮಿಷಕ್ಕೆ 15. ಇಂದಿನ ವೈದ್ಯರು ವಯಸ್ಕನಿಗೆ ವಿಶ್ರಾಂತಿಯಲ್ಲಿ 12ರಿಂದ 20 ಎಂದು ಹೇಳುವುದರಿಂದ ಹಳಬರ ಲೆಕ್ಕ ದಾರಿತಪ್ಪಿದ್ದಲ್ಲ. ಗಣಿತದ ಪಾಠ ಹೇಳುವಾಗ ಇದನ್ನು ಮಕ್ಕಳಿಗೆ ಕೊಡುತ್ತಿದ್ದೆ. ಅರ್ಧ ತರಗತಿ ಭಾಗಾಕಾರ ಬಿಟ್ಟು ತಮ್ಮ ಉಸಿರನ್ನೇ ಎಣಿಸುತ್ತ ಕೂರುತ್ತಿತ್ತು.

ಇಷ್ಟನ್ನು ಒಪ್ಪಿದ ಮೇಲೆ ವಚನಗಳ ಕಡೆಗೆ ಬರಬಹುದು. ಅಲ್ಲಮಪ್ರಭುವಿನ ಒಂದು ಪುಟ್ಟ ವಚನ ಇಂಥ ಹೊತ್ತಗೆಗಳಿಗೆ ಬಹಳ ಪ್ರಿಯ. ಅದರಲ್ಲಿ ಗಾಳಿಯು ನಿದ್ರೆಹೋಗುತ್ತದೆ, ಆಕಾಶವು ಅದಕ್ಕೆ ಜೋಗುಳ ಹಾಡುತ್ತದೆ. ಬಯಲು ಬಳಲಿದಾಗ ನಿರಾಳವು ತಾಯಿಯಂತೆ ಅದಕ್ಕೆ ಮೊಲೆಯೂಡುತ್ತದೆ. ಇಷ್ಟನ್ನು ಮಾತ್ರ ಓದಿದವನಿಗೆ ಇದು ಉಸಿರು ತಣ್ಣಗಾಗಿ ಮನಸ್ಸು ಹಗುರಾದ ಸ್ಥಿತಿಯ ವರ್ಣನೆಯೆಂದು ತೋರುವುದು ಸಹಜ. ಮಲಗಿದ ಕೂಸು, ಹಾಡುವ ತಾಯಿ, ಹಾಲು: ವಿಶ್ರಾಂತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವುದು? ಆದರೆ ವಚನವು ಅಲ್ಲಿಗೆ ನಿಲ್ಲುವುದಿಲ್ಲ. ಮರುಕ್ಷಣದಲ್ಲಿಯೇ ಆಕಾಶವು ಅಡಗುತ್ತದೆ, ಜೋಗುಳ ನಿಂತುಹೋಗುತ್ತದೆ, ಗುಹೇಶ್ವರನು ಇಲ್ಲದವನಂತೆ ಇದ್ದಾನೆ. ಹಾಡುತ್ತಿದ್ದ ತಾಯಿಯೇ ಇಲ್ಲವಾದ ಮೇಲೆ ನೆಮ್ಮದಿಯಿಂದ ಮಲಗಿರುವವರು ಯಾರು? ಹೊತ್ತಗೆಗಳು ಜೋಗುಳದವರೆಗೆ ಉದ್ಧರಿಸಿ ಉಳಿದುದನ್ನು ಕತ್ತರಿಸುವುದು ಈ ಕಾರಣದಿಂದಲೇ ಇರಬೇಕು. ಹಿತವಾದ ಅರ್ಧವನ್ನು ಇಟ್ಟುಕೊಂಡು ಭಯ ಹುಟ್ಟಿಸುವ ಅರ್ಧವನ್ನು ಕೈಬಿಟ್ಟರೆ ವಚನದ ಬೆನ್ನೆಲುಬೇ ಹೋಗುತ್ತದೆ.

‘ನಿರಾಳ’ ಎಂಬ ಶಬ್ದವೇ ಈ ತಪ್ಪಿಗೆ ದಾರಿಯಾಗಿದೆ. ಇಂದಿನ ಕನ್ನಡದಲ್ಲಿ ನಿರಾಳವೆಂದರೆ ಚಿಂತೆಯಿಲ್ಲದ, ಹಗುರಾದ ಸ್ಥಿತಿ. ಮಗಳ ಮದುವೆ ಮುಗಿಸಿದ ತಂದೆ, ಪರೀಕ್ಷೆ ಬರೆದು ಹೊರಬಂದ ಹುಡುಗ, ಸಾಲ ತೀರಿಸಿದ ಒಕ್ಕಲಿಗ ನಿರಾಳವಾಗುತ್ತಾರೆ. ವಚನಕಾರರಲ್ಲಿ ಅದು ಬಯಲು, ನಿರ್ಬಯಲು, ಶೂನ್ಯ ಎಂಬ ಪರಿಭಾಷೆಗಳ ಸಾಲಿನಲ್ಲಿ ನಿಲ್ಲುವ ಶಬ್ದ; ಯಾವ ಆಸರೆಯೂ ಇಲ್ಲದ, ಯಾವ ಗುರುತಿಗೂ ಸಿಕ್ಕದ ಪರವಸ್ತುವನ್ನು ಸೂಚಿಸುವಂಥದು. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಇದೇ ವಚನದ ನಿರಾಳಕ್ಕೆ ಅನಂತತೆಯೆಂಬ ಅರ್ಥದ ಪದವನ್ನು ಬಳಸಿದರು. ಪೂರ್ಣ ಸಮಾನವೆನ್ನಲಾರೆನಾದರೂ ಅವರು ಶಬ್ದದ ತೂಕವನ್ನು ಅರಿತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲಿಷಿಗೆ ತರುವವರು ತೋರಿದ ಎಚ್ಚರವನ್ನು ಕನ್ನಡದೊಳಗೇ ಓದುವವರು ತೋರದಿರುವುದಕ್ಕೆ, ಶಬ್ದವು ತಮಗೆ ಗೊತ್ತಿದೆಯೆಂಬ ಭ್ರಮೆಯೇ ಕಾರಣ. ಪರಿಚಿತ ಶಬ್ದದಷ್ಟು ಓದುಗನನ್ನು ವಂಚಿಸುವುದು ಬೇರೊಂದಿಲ್ಲ. ‘ಸ್ವರ’ ಎಂಬುದೂ ಹೀಗೆಯೇ. ವಚನಗಳಲ್ಲಿ ಎಷ್ಟೋ ಕಡೆ ಅದು ಸಂಗೀತದ ಸ್ವರವಲ್ಲ, ಮೂಗಿನ ಹೊಳ್ಳೆಗಳಲ್ಲಿ ಹರಿಯುವ ಉಸಿರು. ಆಸನ ಬಲಿದು ಕುಳಿತವರನ್ನೂ ಸ್ವರ ಹಿಡಿದವರನ್ನೂ ಅಲ್ಲಮನು ಒಂದು ವಚನದಲ್ಲಿ ಚುಚ್ಚುತ್ತಾನೆ. ಉಸಿರು ಕಟ್ಟಿದ ಮಾತ್ರಕ್ಕೆ ಅವರು ಸಾಯದೆ ಉಳಿದಾರೆಯೇ ಎಂಬುದು ಅವನ ಪ್ರಶ್ನೆಯ ಸಾರ. ಈ ವಚನವು ಯಾವ ಶಿಬಿರದ ಹಾಳೆಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಗೋರಕ್ಷನ ಪ್ರಸಂಗ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಗೂಳೂರು ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಲ್ಲಿಯೂ ಬರುವ ಈ ಕಥೆ ವಾಚಕರಿಗೆ ಹೊಸದಲ್ಲ. ಗೋರಕ್ಷನು ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡವನು. ಕತ್ತಿಯಿಂದ ಹೊಡೆದರೆ ಮೈಯಿಂದ ಖಣಿಲೆಂಬ ಸದ್ದು ಬಂದಿತು, ಗಾಯವಾಗಲಿಲ್ಲ. ಬಳಿಕ ಅವನೇ ಕತ್ತಿ ಹಿಡಿದು ಅಲ್ಲಮನಿಗೆ ಬೀಸಿದಾಗ ಅದು ಬಯಲಲ್ಲಿ ಬೀಸಿದಂತೆ ಆಚೆಗೆ ಹಾದುಹೋಯಿತು. ಸಾಮಾನ್ಯವಾಗಿ ಈ ಕಥೆಯನ್ನು ಶರಣರ ಗೆಲುವು, ನಾಥರ ಸೋಲು ಎಂದು ಹೇಳಿ ಮುಗಿಸುತ್ತೇವೆ. ವಿಮರ್ಶಕನು ಗಮನಿಸಬೇಕಾದುದು ಆ ಸದ್ದನ್ನು. ಗೋರಕ್ಷನ ಸಾಧನೆ ಸುಳ್ಳೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅವನು ಬಯಸಿದ್ದು ಅವನಿಗೆ ನಿಜವಾಗಿಯೂ ದೊರೆತಿತ್ತು. ಆದರೆ ಸದ್ದು ಹೊರಡಬೇಕಾದರೆ ತಡೆಯುವ ವಸ್ತುವೊಂದು ಅಲ್ಲಿರಬೇಕು. ಗಟ್ಟಿಯಾದಷ್ಟೂ ‘ನಾನು’ ಎಂಬ ತಡೆ ಬಲವಾಗಿ ಉಳಿದಿದೆ. ಅಲ್ಲಮನಲ್ಲಿ ಸದ್ದಿಲ್ಲ, ಏಕೆಂದರೆ ತಾಗಿಸಿಕೊಳ್ಳುವವರಿಲ್ಲ.

ಈಗ ಹೊತ್ತಗೆಗಳು ಕೊಡುವ ಆಶ್ವಾಸನೆಗಳನ್ನು ನೋಡಿರಿ: ದೇಹದಾರ್ಢ್ಯ, ದೀರ್ಘಾಯುಷ್ಯ, ಯಾವ ಪೆಟ್ಟಿಗೂ ಅಲುಗದ ಮನಸ್ಸು. ಇವೆಲ್ಲ ಗೋರಕ್ಷನ ಪಕ್ಷದ ಮಾತುಗಳು. ಅಲ್ಲಮನ ಹೆಸರಿನ ಕೆಳಗೆ ಗೋರಕ್ಷನ ವಾದವನ್ನು ಅಚ್ಚುಹಾಕುವುದರಲ್ಲಿರುವ ವಿನೋದವನ್ನು ಪ್ರಕಾಶಕರು ಕಂಡಂತಿಲ್ಲ. ಗೋರಕ್ಷನಿಗೇ ಇದರಿಂದ ಅನ್ಯಾಯವಾಗಿದೆ ಎಂದರೂ ಸಲ್ಲುತ್ತದೆ. ಹಠಯೋಗದ ಗ್ರಂಥಕಾರರು ಉಸಿರಿನ ವಿಷಯದಲ್ಲಿ ಇಂದಿನವರಿಗಿಂತ ಹೆಚ್ಚು ಅಂಜಿಕೆಯುಳ್ಳವರು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪಳಗಿಸಬೇಕು, ಅವಸರಪಟ್ಟರೆ ಅದು ಸಾಧಕನನ್ನೇ ಕೊಲ್ಲುವುದೆಂದು ಹಠಯೋಗಪ್ರದೀಪಿಕೆ ಎಚ್ಚರಿಸುತ್ತದೆ. ಮೂರು ದಿನದ ಶಿಬಿರದಲ್ಲಿ ಹುಲಿ ಪಳಗುವುದೆಂದು ಸ್ವಾತ್ಮಾರಾಮನು ನಂಬಿರಲಿಲ್ಲ.

ಇಲ್ಲಿ ಎದುರುಪಕ್ಷದ ಅತಿರೇಕವನ್ನೂ ಹೇಳಬೇಕು. ವಚನಕಾರರು ಯೋಗವನ್ನು ಪೂರ್ತಿ ತಳ್ಳಿಹಾಕಿದರು, ಉಸಿರಿನ ಸಾಧನೆಗೂ ಶರಣರಿಗೂ ಸಂಬಂಧವೇ ಇಲ್ಲ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಗ್ರಂಥಗಳು ಇದಕ್ಕೆ ಒಪ್ಪುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮನನ್ನು ಪರಂಪರೆ ಶಿವಯೋಗಿಯೆಂದೇ ಕರೆಯಿತು. ಅಕ್ಕಮಹಾದೇವಿಯ ಹೆಸರಿನಲ್ಲಿ ಬಂದಿರುವ ತ್ರಿಪದಿಯ ಕೃತಿಗೆ ಯೋಗಾಂಗತ್ರಿವಿಧಿ ಎಂಬ ಹೆಸರೇ ಇದೆ. ಚೆನ್ನಸದಾಶಿವಯೋಗಿಯ ಸಂಸ್ಕೃತ ಶಿವಯೋಗಪ್ರದೀಪಿಕೆಗೆ ನಿಜಗುಣ ಶಿವಯೋಗಿಗಳು ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ಪ್ರಾಣಾಯಾಮದ ಕ್ರಮ ಅಲ್ಲಿ ವಿವರವಾಗಿ ಬರುತ್ತದೆ. ಐದು ವಾಯುಗಳು, ಹತ್ತು ವಾಯುಗಳು, ನಾಡಿಗಳು, ಚಕ್ರಗಳು ಎಂಬ ಪರಿಭಾಷೆಯಿಲ್ಲದೆ ಷಟ್‌ಸ್ಥಲದ ಅರ್ಧ ಸಾಹಿತ್ಯ ಅರ್ಥವಾಗದು. ಆದುದರಿಂದ ಶರಣರು ಉಸಿರನ್ನು ಬಲ್ಲವರು, ಬಲ್ಲವರಾದ್ದರಿಂದಲೇ ಅದರ ಮಿತಿಯನ್ನು ಹೇಳಬಲ್ಲವರಾದರು ಎನ್ನುವುದು ಸತ್ಯಕ್ಕೆ ಹತ್ತಿರ.

ಆ ಮಿತಿ ಎಲ್ಲಿದೆಯೆಂಬುದನ್ನು ಪ್ರಾಣಲಿಂಗಿಸ್ಥಲ ತೋರಿಸುತ್ತದೆ. ಭಕ್ತ, ಮಹೇಶ, ಪ್ರಸಾದಿಗಳಾದ ಮೇಲೆ ನಾಲ್ಕನೆಯದಾಗಿ ಅದು ಬರುತ್ತದೆ. ಪತಂಜಲಿಯ ಎಂಟು ಅಂಗಗಳಲ್ಲಿ ಪ್ರಾಣಾಯಾಮವೂ ನಾಲ್ಕನೆಯದೇ. ಯಮನಿಯಮಗಳು ಅದಕ್ಕಿಂತ ಮೊದಲು. ಈ ಹೋಲಿಕೆಯನ್ನು ಬಹುದೂರ ಎಳೆಯಲು ನಾನು ಇಚ್ಛಿಸುವುದಿಲ್ಲ, ಆದರೆ ಎರಡೂ ಕಡೆ ಉಸಿರಿಗೆ ಮೊದಲು ನಡತೆ ಬರುತ್ತದೆ. ಪ್ರಾಣಲಿಂಗವೆಂಬಲ್ಲಿ ಪ್ರಾಣವೆಂದರೆ ಶ್ವಾಸಕೋಶದೊಳಗಿನ ಗಾಳಿಯಷ್ಟೇ ಅಲ್ಲ. ಅದು ಜೀವ, ಜೀವದ ಆಸೆ, ಜೀವವನ್ನು ಜೀವವಾಗಿ ಇಟ್ಟಿರುವ ಅರಿವು. ಆ ಪ್ರಾಣವು ಲಿಂಗದಲ್ಲಿ ಅಡಗಿದರೆ ಉಸಿರು ತಾನಾಗಿ ಸೌಮ್ಯವಾಗುವುದುಂಟು. ಉಸಿರನ್ನು ಸೌಮ್ಯಮಾಡಿಕೊಂಡರೆ ಪ್ರಾಣವು ಲಿಂಗವಾಯಿತೆಂದು ಹೇಳಲಾಗದು. ಕಾರಣವನ್ನೂ ಕಾರ್ಯವನ್ನೂ ಅದಲುಬದಲು ಮಾಡಿರುವುದೇ ಹೊತ್ತಗೆಗಳ ಮೂಲದೋಷ. ಪ್ರಾಣವನ್ನು ‘ಆಮ್ಲಜನಕ’ವೆಂದು ಅನುವಾದಿಸಿದ ಪುಸ್ತಕವೊಂದನ್ನು ಕಂಡಿದ್ದೇನೆ. ಹಾಗಾದರೆ ಪ್ರಾಣಲಿಂಗವನ್ನು ಏನೆಂದು ಅನುವಾದಿಸುವುದೋ!

ಇದೆಲ್ಲ ಪಂಡಿತರ ಶಬ್ದಜಗಳವೆಂದು ಕೆಲವರಿಗೆ ತೋರಬಹುದು. ತಪ್ಪು ಓದಿನಿಂದ ಬದುಕಿಗೂ ಏಟು ಬೀಳುತ್ತದೆ. ನಮ್ಮ ಸೀಮೆಯ ಹಿರಿಯರೊಬ್ಬರು, ವಚನಗಳಲ್ಲಿ ಅಪಾರ ಶ್ರದ್ಧೆಯುಳ್ಳವರು, ಇಂಥ ಶಿಬಿರವೊಂದರಿಂದ ಬಂದ ಮೇಲೆ ರಕ್ತದೊತ್ತಡದ ಗುಳಿಗೆಗಳನ್ನು ನಿಲ್ಲಿಸಿದರು. ಶಿಬಿರದವರು ನಿಲ್ಲಿಸಿರೆಂದು ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಶರಣರೇ ಹೇಳಿದ ಮಾರ್ಗ ಕೈಯಲ್ಲಿರುವಾಗ ಗುಳಿಗೆ ಏಕೆಂದು ಅವರೇ ತರ್ಕಿಸಿಕೊಂಡರು. ಕೆಲವೇ ತಿಂಗಳಲ್ಲಿ ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಉಸಿರಾಟದಿಂದ ಹೀಗಾಗಲಿಲ್ಲ, ಗುಳಿಗೆ ಬಿಟ್ಟದ್ದರಿಂದ ಆಯಿತೆಂದು ವೈದ್ಯರು ಹೇಳಿದರು, ಅದು ಸರಿಯೇ. ಆದರೆ ಗುಳಿಗೆ ಬಿಡುವ ಧೈರ್ಯವನ್ನು ಅವರಿಗೆ ಕೊಟ್ಟದ್ದು, ಅಂಗೈಯಗಲದ ಹೊತ್ತಗೆಯ ಮೇಲೆ ಅಚ್ಚಾಗಿದ್ದ ಅರ್ಧ ವಚನ. ಶ್ರದ್ಧೆಯುಳ್ಳವರ ಕೈಗೆ ಅರ್ಧ ವಚನವನ್ನು ಕೊಡುವವರು ಇದನ್ನು ನೆನೆಯಬೇಕು.

ಇನ್ನೊಂದು ಸಂಗತಿ. ಒತ್ತಡವೆಂಬ ಶಬ್ದ ಈ ಅರ್ಥದಲ್ಲಿ ವಚನಗಳದ್ದಲ್ಲ. ಅವರಲ್ಲಿ ತಲ್ಲಣವಿದೆ, ಕಳವಳವಿದೆ, ಚಿಂತೆಯಿದೆ. ಬಸವಣ್ಣನು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸುವಾಗ ಅದನ್ನು ಉಸಿರಿನ ಹಗ್ಗದಿಂದ ಕಟ್ಟುತ್ತೇನೆನ್ನುವುದಿಲ್ಲ, ಕೂಡಲಸಂಗನಲ್ಲಿ ಮೊರೆಯಿಡುತ್ತಾನೆ. ಕಳವಳಕ್ಕೆ ಹೊರಗಿನ ಕಾರಣವಿದ್ದಾಗ, ಅಂದರೆ ಹಸಿವು, ಕೀಳೆಂಬ ಮಾತು, ಉಳ್ಳವರ ದರ್ಪ ಇದ್ದಾಗ, ಶರಣರು ಕಾರಣದ ಕಡೆಗೇ ಕೈಯೆತ್ತಿ ತೋರಿಸಿದರು. ಕಾಯಕವನ್ನೂ ದಾಸೋಹವನ್ನೂ ಮುಂದಿಟ್ಟರು. ಮಳೆ ಕೈಕೊಟ್ಟು ಶೇಂಗಾ ಒಣಗಿ ಕೈಸಾಲದ ಬಡ್ಡಿ ಬೆಳೆಯುತ್ತಿರುವ ರೈತನಿಗೆ ನಿಮಿಷಕ್ಕೆ ಆರು ಉಸಿರು ಆ ರಾತ್ರಿಯ ನಿದ್ರೆಯನ್ನು ಕೊಡಬಹುದು. ಅದು ಸಣ್ಣ ಉಪಕಾರವಲ್ಲ, ಕೊಡಲಿ. ಆದರೆ ಬಡ್ಡಿಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಉಸಿರಿನ ವಿಷಯದಲ್ಲಿ ಮಾತ್ರ ಶರಣರನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಒಡ್ಡನೆಂದು ಕರೆದು ಕೆಣಕಿದ ಕಥೆಯನ್ನು ಇಲ್ಲಿ ಯಾರಾದರೂ ಎತ್ತಬಹುದು. ಅಲ್ಲಮನ ಆಕ್ಷೇಪವಿದ್ದದ್ದು ಕೆರೆಯ ಹಿಂದಿನ ಅಹಂಕಾರಕ್ಕೆ. ಸೊನ್ನಲಿಗೆಯವರಿಗೆ ನೀರು ಬೇಡವೆಂದು ಅವನು ಹೇಳಲಿಲ್ಲ.

ಕೊಟ್ಟೂರಿನವನಾದ ನನಗೆ ಉಸಿರಿನ ವಿಷಯದಲ್ಲಿ ಇನ್ನೊಂದು ದೃಷ್ಟಾಂತ ಕಣ್ಣೆದುರಿಗಿದೆ. ಮಾಘ ಬಹುಳದಲ್ಲಿ ಗುರುಬಸವೇಶ್ವರನ ತೇರಿಗೆಂದು ದಾವಣಗೆರೆಯ ಕಡೆಯಿಂದಲೂ ಸುತ್ತಣ ಊರುಗಳಿಂದಲೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯ ಊರುಗಳವರು ನೀರು, ಮಜ್ಜಿಗೆ, ಊಟ ಕೊಟ್ಟು ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಒಬ್ಬನು ಸ್ವಾಮಿಯ ಹೆಸರನ್ನು ನೀಳವಾಗಿ ಕೂಗಿದರೆ ಗುಂಪೆಲ್ಲ ಒಂದೇ ದನಿಯಲ್ಲಿ ಮರುಕೂಗುತ್ತದೆ. ಹೆಜ್ಜೆ, ಕೂಗು, ಉಸಿರು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಬರ್ನಾರ್ಡಿಯ ಯಂತ್ರಗಳನ್ನು ಆ ಜನರ ಎದೆಗೆ ಕಟ್ಟಿದರೆ ಏನು ತೋರುವುದೋ ಬಲ್ಲವರು ಹೇಳಲಿ. ಗಚ್ಚಿನಮಠದ ಮುಂದೆ ಬಂದು ಕೂರುವಾಗ ಅವರ ಮುಖದಲ್ಲಿ ಕಾಣುವ ಶಾಂತಿಯನ್ನು ಮಾತ್ರ ನಾನು ಬಲ್ಲೆ. ಸ್ವಾಮಿಯು ಅಲ್ಲಿ ಯೋಗಸಮಾಧಿ ಹೊಂದಿದನೆಂಬುದು ಭಕ್ತರ ನಂಬುಗೆ. ಅವರಲ್ಲಿ ಯಾರೂ ಒತ್ತಡ ಇಳಿಸಿಕೊಳ್ಳಲೆಂದು ನಡೆದು ಬಂದವರಲ್ಲ. ಹರಕೆಗೆ ಬಂದರು, ಕೃತಜ್ಞತೆಗೆ ಬಂದರು, ಜೊತೆಯವರು ಹೊರಟರೆಂದೂ ಬಂದರು. ಬಯಸಿದ್ದು ಬೇರೆ, ಶಾಂತಿ ಅದರ ಬೆನ್ನಿಗೆ ಬಂದದ್ದು.

ವಚನಕ್ಕೂ ಉಸಿರಿಗೂ ಇರುವ ನಿಜವಾದ ನಂಟನ್ನು ಹುಡುಕುವವರು ಅರ್ಥವನ್ನಷ್ಟೇ ಅಲ್ಲ, ಓದುವ ದನಿಯನ್ನೂ ನೋಡಬೇಕು. ಹಳಗನ್ನಡದಲ್ಲಿ ‘ಉಸಿರ್’ ಎಂಬ ಧಾತುವಿಗೆ ಉಸಿರಾಡು ಎಂಬಂತೆ ಹೇಳು ಎಂಬ ಅರ್ಥವೂ ಉಂಟು. ಮಾತೆಂದರೆ ಉಸಿರೇ ಎಂದು ಭಾಷೆಯೇ ತೀರ್ಮಾನಿಸಿದಂತಿದೆ. ವಚನದಲ್ಲಿ ಗಣ ಮಾತ್ರೆಗಳ ಲೆಕ್ಕವಿಲ್ಲ. ಸಾಲನ್ನು ಮುರಿಯುವುದು ಮಾತನಾಡುವವನ ಉಸಿರು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದಾಗಿನಿಂದ ಸರ್ಕಾರದ 1993ರ ಸಮಗ್ರ ಸಂಪುಟಗಳವರೆಗೆ ಸಂಪಾದಕರು ಸಾಲುಗಳನ್ನು ಬೇರೆಬೇರೆಯಾಗಿ ಒಡೆದಿರುವುದೂ ಈ ಕಾರಣದಿಂದ ಚರ್ಚಾರ್ಹ. ತರಗತಿಯಲ್ಲಿ ಹುಡುಗರು ವಚನವನ್ನು ಒಂದೇ ಓಟದಲ್ಲಿ ಒದರಿ ಕಡೆಗೆ ಅಂಕಿತದ ಹೊತ್ತಿಗೆ ಏದುಸಿರು ಬಿಡುತ್ತಿದ್ದರು. ಎರಡು ಹೋಲಿಕೆಗಳ ನಡುವೆ ನಿಲ್ಲಿರಿ, ಪ್ರಶ್ನೆಯ ಮುಂದೆ ನಿಲ್ಲಿರಿ, ಅಂಕಿತಕ್ಕೆ ಹೊಸ ಉಸಿರು ಇಟ್ಟುಕೊಳ್ಳಿರಿ ಎಂದು ಹೇಳಿಕೊಟ್ಟರೆ ಎಂಟನೆಯ ತರಗತಿಯ ಹುಡುಗಿಯ ಬಾಯಲ್ಲಿಯೂ ಅಲ್ಲಮನ ಬೆಡಗು ಅರ್ಧ ಬಿಚ್ಚಿಕೊಳ್ಳುತ್ತಿತ್ತು. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಈ ಮಾತು ತಟ್ಟನೆ ತಿಳಿಯುತ್ತದೆ: ನೀಳವಾದ ದಮ್ಮಿನ ಆ ಗಾಯಕರು ಉಸಿರು ಉಳಿದಿದ್ದರೂ ವಚನವು ನಿಲ್ಲೆಂದ ಕಡೆ ನಿಲ್ಲುತ್ತಾರೆ.

ಹೊತ್ತಗೆಗಳನ್ನು ಹೊರತರುವವರಲ್ಲಿ ನನ್ನ ಕೋರಿಕೆ ಎರಡೇ. ವಚನವನ್ನು ಬಳಸುವುದಾದರೆ ಅಂಕಿತಸಹಿತ ಪೂರ್ತಿಯಾಗಿ, ಯಾವ ಸಂಪುಟದ ಎಷ್ಟನೆಯ ವಚನವೆಂಬ ನಿರ್ದೇಶದೊಡನೆ ಅಚ್ಚುಹಾಕಲಿ. ಆಸನ ಬಲಿದವರನ್ನು ಚುಚ್ಚುವ ಅಲ್ಲಮನ ವಚನವನ್ನೂ ಅದೇ ಪುಟದಲ್ಲಿ ಸೇರಿಸಲಿ. ಓದುಗನು ಎರಡನ್ನೂ ನೋಡಿ ತನ್ನ ಅಭ್ಯಾಸವನ್ನು ಮುಂದುವರಿಸಲಿ. ಈ ಊರಿನ ಮಟ್ಟಿಗೆ, ಸಮಗ್ರ ಸಂಪುಟಗಳನ್ನು ಬಿಡಿಸಿ ನೋಡಿ ಸಂಖ್ಯೆ ಹುಡುಕಿಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.